ಅಪ್ಪನಿಗೊಂದು ಶನಿಯ ಫೋಟೊ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯ ಎಂಬ ಅಜ್ಜ ಇದ್ದರು. ಗಾಜು ಉಜ್ಜಿ ದುರ್ಬೀನು ಮಾಡುವುದು, ಬಂದವರಿಗೆ ಗ್ರಹಗಳ ಫೋಟೊ ತೆಗೆಯಲು ಕಲಿಸುವುದು, ಇಷ್ಟೇ ಅವರ ಪೂಜೆ.

ಬಟ್ಟೆ ಹೊಲಿಯುವ ಸಾವಂತ್ರಿ ಅವರ ಶಿಷ್ಯೆ. ಹೊಲಿಗೆ ಒಂದು ನೂಲು ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಹಟಮಾರಿ.

ಒಂದು ಸಂಜೆ ಅಳುಮುಖ ಮಾಡಿಕೊಂಡು ಬಂದಳು.

“ಅಜ್ಜಾರ, ಫೋಟೊ ತೆಗ್ಯಾಕ ಹತ್ತಿ ಹದಿನೈದು ದಿನ ಆತು. ಶನಿ ಒಂದು ಗಳಿಗಿ ನಿಲ್ಲವಲ್ಲ. ಕುದಿಯೋ ನೀರಾಗಿನ ಕಡ್ಲಿಕಾಳಿನಂಗ ಕುಣೀತಾನ.”

“ಅಷ್ಟು ಅವಸರ ಯಾಕವ್ವಾ?”

“ಅಪ್ಪನ ಕಣ್ಣು ಹೊಂಟಾವ್ರಿ. ದೀಪಾವಳಿ ತನಕ ದೃಷ್ಟಿ ಉಳದ್ರ ಹೆಚ್ಚು ಅಂದಾರ ಡಾಕ್ಟರು. ‘ಮೂವತ್ತು ವರ್ಷ ಶನಿದೇವ್ರಿಗೆ ಶನಿವಾರಕ್ಕೊಮ್ಮೆ ಎಳ್ಳೆಣ್ಣಿ ದೀಪ ಹಚ್ಚೀನಿ, ಒಮ್ಮೆರ ಅವನ ಮಾರಿ ತೋರಿಸು ಮಗಳ’ ಅಂತಾನ.”

ಅಜ್ಜ ಎದ್ದರು.

“ದುರ್ಬೀನು ಎಲ್ಲಿ ಇಟ್ಟಿದ್ದಿ?”

“ಹೊಳಿ ಮೆಟ್ಟಲದ ಹಾಸುಗಲ್ಲಿನ ಮ್ಯಾಲೆ. ಅಲ್ಲಾದ್ರ ಅಲುಗಾಡಂಗಿಲ್ಲ.”

ಅಜ್ಜ ಅವಳ ಜೊತೆ ಮೆಟ್ಟಿಲಿಗೆ ಇಳಿದರು.

“ಚಪ್ಪಲಿ ಬಿಟ್ಟು ಅದರ ಮ್ಯಾಲೆ ನಿಲ್ಲು.”

ನಿಂತಳು. ಹೊತ್ತು ಮುಳುಗಿದ್ದರೂ ಕಲ್ಲು ಇನ್ನೂ ಕಾದಿತ್ತು.

“ಹಗಲೆಲ್ಲ ಬಿಸಲು ಕುಡದೈತಿ. ಈಗ ಆ ಕಾವೆಲ್ಲ ನಿನ್ನ ದುರ್ಬೀನಿನ ಮುಂದನ ಏಳ್ತೈತಿ, ಗಾಳಿನ್ನ ಕುಣಸ್ತೈತಿ. ಪಾಪ, ಶನಿನ್ನ ಯಾಕ ಬೈತಿ?”

ಅಜ್ಜ ತಾವೇ ದುರ್ಬೀನು ಹೊತ್ತು ಹಸಿ ಹುಲ್ಲಿನ ಮೇಲೆ ತಂದಿಟ್ಟರು.

“ಕ್ಯಾಮೆರಾ ಹಚ್ಚಿ ವಿಡಿಯೊ ಹಿಡಿ. ಅದರಾಗಿನ ಐದು ಸಾವಿರ ಚಿತ್ರದಾಗ ಒಂದು ಇನ್ನೂರು ಸುಮ್ನ ನಿಂತಿರ್ತಾವ. ಅವನ್ನಷ್ಟ ಆರಿಸಿ ಕಂಪ್ಯೂಟರಿನಾಗ ಒಂದರ ಮ್ಯಾಲೊಂದು ಕೂಡಿಸು. ಉಳಿದದ್ದು ಬಿಟ್ಟುಬಿಡು.”

ಹಾಗೇ ಮಾಡಿದಳು. ಶನಿ ಬಂದ, ಉಂಗುರದ ಸಮೇತ! ಅಂಚು ಸ್ವಲ್ಪ ಮಬ್ಬು, ಅಷ್ಟೇ. ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಮನೆಗೆ ಒಯ್ದಳು.

ಮರುದಿನ ಸಂಜೆ ನೋಡಿದರೆ ಮತ್ತೆ ಹುಲ್ಲಿನ ಮೇಲೆ ದುರ್ಬೀನು ಹೂಡುತ್ತಿದ್ದಾಳೆ.

“ಅಪ್ಪಗ ತೋರಿಸಿದ್ಯೋ ಇಲ್ಲೋ?”

“ತೋರಿಸಿದ್ನಿರಿ. ಕಣ್ಣಿಗೆ ಹತ್ತಿಸಿ ಹಿಡಕೊಂಡು ಭಾಳ ಹೊತ್ತು ನೋಡಿದ. ‘ಅಯ್ಯ ಇವನ! ಇಷ್ಟು ಚಂದ ಇರೋನಿಗೆ ಸುಮ್ನ ಅಂಜಿದ್ನಲ್ಲ’ ಅಂತ ನಕ್ಕ.”

“ಮತ್ತ ಇಲ್ಲಿ ಏನು ಕೆಲಸ?”

“ಅಂಚು ಮಬ್ಬೈತ್ರಿ. ಇದಕ್ಕಿಂತ ಚಲೋದು ತೆಗದೇ ತೀರ್ತೀನಿ. ಅಪ್ಪ ಫೋಟೊ ಬದಿಗಿಟ್ಟು, ‘ಸಾವಂತ್ರಿ, ಬಾಗಲದ ಬೆಳಕಿಗೆ ಬಾ, ಜರಾ ಕೂಡು’ ಅಂದ. ‘ತಡಿಯಪ್ಪ, ಹೊತ್ತಾಗ್ತೈತಿ’ ಅಂತ ಓಡಿ ಬಂದೆ.”

ಅಜ್ಜ ಕ್ಯಾಮೆರಾ ಬಿಚ್ಚಿ ಅವಳ ಚೀಲಕ್ಕೆ ಹಾಕಿದರು. ದುರ್ಬೀನಿಗೆ ಮುಚ್ಚಳ ಹಾಕಿದರು.

“ಅಜ್ಜಾರ! ಇವತ್ತು ಗಾಳಿ ಎಷ್ಟು ಸುಮ್ನೈತಿ ನೋಡ್ರಿ!”

“ಶನಿ ಬರೋ ವರ್ಷನೂ ಬರ್ತಾನವ್ವ. ಬೆಳಕಿಗೆ ಬಾ ಅಂತ ಅಪ್ಪ ಕರದದ್ದು ಯಾರ ಮಾರಿ ನೋಡಾಕ?”