ಲಗಮವ್ವನ ಕೂಗು

ಒಂದು ಊರಂತೆ, ಊರ ಮಗ್ಗುಲಿಗೊಂದು ಹೊಳೆಯಂತೆ. ಆ ಊರಲ್ಲಿ ಲಗಮವ್ವ ಅಂತ ಕುರುಬರ ಹೆಣ್ಣುಮಗಳಿದ್ದಳು. ಗಂಡ ಅರ್ಧ ಹಿಂಡು ಹೊಡೆದುಕೊಂಡು ಮೇವು ಹುಡುಕುತ್ತ ದೂರದ ಸೀಮೆಗೆ ಹೋಗಿದ್ದ. ಉಳಿದರ್ಧ ಹಿಂಡು, ಮೊಲೆ ಕುಡಿಯುವ ಹೆಣ್ಣುಕೂಸು, ಅಷ್ಟೇ ಅವಳ ಬದುಕು.

ಹೊಳೆಯಲ್ಲೊಂದು ನಡುಗಡ್ಡೆ. ಮೊಣಕಾಲುದ್ದ ನೀರು ದಾಟಿದರೆ ಸಾಕು, ಅಲ್ಲಿ ಎಳೇ ಹುಲ್ಲು. ಒಂದು ದಿನ ಮುಂಜಾನೆ ಲಗಮವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ದಾಟಿಸಿದಳಂತೆ. ಮೇಲುಸೀಮೆಯಲ್ಲೆಲ್ಲೋ ಮಳೆ ಹೊಯ್ದಿತ್ತು. ಇಲ್ಲಿ ಮೋಡದ ಚೂರೂ ಇಲ್ಲ. ಕೂಸಿಗೆ ಮೊಲೆ ಕೊಡುತ್ತ ಕೂತವಳು ತಲೆ ಎತ್ತುವುದರೊಳಗೆ ಕೆಂಪು ನೀರು ಗಡ್ಡೆ ಸುತ್ತಿತ್ತು.

ಎತ್ತರದಲ್ಲೊಂದು ಜಾಲಿಗಿಡ. ಅದನ್ನು ತಬ್ಬಿ ನಿಂತು ಕುಲದೇವರುಗಳನ್ನು ಕೂಗಿದಳು.

"ಬೀರಪ್ಪಾ, ನನ್ನಪ್ಪಾ, ನಿನ್ನ ಒಕ್ಕಲು ಮುಳುಗಾಕತ್ತೈತಿ, ಬಾರೋ!"

ಬೀರಪ್ಪ ಬರಲಿಲ್ಲ. ನೀರು ಬಂತು. ಮರಿಗಳು ಹೋದವು.

"ಮಾಯವ್ವಾ, ನೀನೂ ಹೆಣ್ಣು, ಬಾರವ್ವಾ!"

ಮಾಯವ್ವ ಬರಲಿಲ್ಲ. ನೀರು ಬಂತು. ಮರಿ ಹುಡುಕುತ್ತ ತಾಯಿಕುರಿಗಳೂ ಹೋದವು.

ಆಚೆ ದಂಡೆಗೆ ಊರಿಗೆ ಊರೇ ಬಂದು ನಿಂತಿತ್ತಂತೆ. ಲಗಮವ್ವನ ಎದೆಯಲ್ಲಿ ಜೀವ ಬಂದಂಗಾಯಿತು. ಆದರೆ ಯಾರೂ ನೀರಿಗೆ ಇಳಿಯಲಿಲ್ಲ. ಎಲ್ಲರೂ ಕೈ ಮುಗಿದು ನಿಂತರು. ಅವಳು ಬೀರಪ್ಪಾ ಅಂದರೆ ಅವರೂ ಬೀರಪ್ಪಾ ಅಂದರು. ಅವಳು ಮಾಯವ್ವಾ ಅಂದರೆ ಅವರೂ ಮಾಯವ್ವಾ ಅಂದರು.

ನೀರು ಸೊಂಟಕ್ಕೆ ಬಂತು. ಕೂಸನ್ನು ತಲೆ ಮೇಲೆ ಎತ್ತಿ ಹಿಡಿದಳು. ತೋಳು ಸೋಲತೊಡಗಿದವು.

"ಏ ಬೀರಪ್ಪಾ, ನಿನ್ನ ಕಣ್ಣು ಕುರುಡಾಗ್ಯಾವೇನೋ? ಬರೂದಿಲ್ಲಂದ್ರ ಬರಬ್ಯಾಡ. ಈ ಕೂಸು ಮುಳುಗೂದನ್ನ ಮಾತ್ರ ನನಗ ತೋರಸಬ್ಯಾಡ. ಮೊದಲ ನನ್ನ ಕಣ್ಣು ಮುಚ್ಚಿಸು."

ಅದೇ ಕಡೆಯ ಮಾತು. ಗಂಟಲು ಕಟ್ಟಿತು. ಬಾಯಿ ತೆರೆದರೆ ದನಿಯಿಲ್ಲ. ಇನ್ನು ಕರೆಯಲಿಕ್ಕೂ ಆಗದಲ್ಲ ಅಂತ ಅಳಲು ಹೋದರೆ ಅಳುವೂ ಬರಲಿಲ್ಲವಂತೆ.

ಆಗ ನೀರಲ್ಲಿ ಒಂದು ಕರೀ ತಲೆ ಕಂಡಿತು. ತನ್ನದೇ ಯಾವುದೋ ಕುರಿ ಅಂದುಕೊಂಡಳು. ನೋಡಿದರೆ ನೆಗೆಣ್ಣಿ ಕರೆವ್ವ, ಮೈದುನನ ಹೆಂಡತಿ! ಒಲೆ ಬೇರೆಯಾದ ಮೇಲೆ ಇಬ್ಬರಿಗೂ ಮಾತೇ ಇರಲಿಲ್ಲ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಹಗ್ಗದ ಒಂದು ತುದಿ ದಂಡೆಯವರ ಕೈಗೆ ಕೊಟ್ಟು ಇನ್ನೊಂದು ತಾನು ಹಿಡಿದು, ಈಸಿಕೊಂಡು ಬಂದಿದ್ದಳು.

"ಕೂಸು ಇತ್ತ ಕೊಡು. ಹಗ್ಗ ನಡಕ್ಕ ಬಿಗಿ. ಕುರಿ ಕಡೆ ನೋಡಬ್ಯಾಡಕ್ಕಾ, ನನ್ನ ಕಡೆ ನೋಡು."

ದಂಡೆಯವರು ಹಗ್ಗ ಎಳೆದರು. ಮೂರು ಜೀವ ದಡ ಸೇರಿದವು. ಕೂಸು ನೀರು ಕಾರಿ ಅತ್ತಿತು. ಕುರಿ ಮಾತ್ರ ಒಂದೂ ಉಳಿಯಲಿಲ್ಲ.

ಊರ ಹಿರಿಯ ಮುಂದೆ ಬಂದು, "ನೋಡವ್ವಾ, ಬೀರಪ್ಪ ನಿನ್ನ ಕೂಗು ಕೇಳಿದ" ಅಂದ.

ಲಗಮವ್ವನ ತುಟಿ ಅಲುಗಿದವು. ಕರೆವ್ವ ಕಿವಿಗೊಟ್ಟು ಕೇಳಿ ಹೇಳಿದಳು, "ನಿಮಗ ಕೇಳಿರಲಿಲ್ಲೇನು ಅಂತ ಕೇಳ್ತಾಳ."

"ಕೇಳಿತ್ತವ್ವಾ. ಆದರ ನೀ ಕರದದ್ದು ದೇವರನ್ನ. ನಡುವ ನಾವ್ಯಾರು ಅಂತ ನಿಂತ್ವಿ."

"ಮತ್ತ ನೀ ಹೆಂಗ ಬಂದಿ?" ಅಂತ ಲಗಮವ್ವ ನೆಗೆಣ್ಣಿಯತ್ತ ತಿರುಗಿ ಪಿಸುದನಿಯಲ್ಲಿ ಕೇಳಿದಳು.

"ನೀ ಕೂಗೂ ತನಕಾ ನಾನೂ ಕೈ ಮುಗದ ನಿಂತಿದ್ದೆ. ದನಿ ನಿಂತಿತು ನೋಡು, ಜೀವ ತಡೀಲಿಲ್ಲ."

ಲಗಮವ್ವ ಹಿರಿಯನ ಮುಖವನ್ನೇ ನೋಡುತ್ತ, ಇದ್ದಷ್ಟು ಉಸಿರು ಕೂಡಿಸಿ ಅಂದಳಂತೆ, "ಯಪ್ಪಾ, ಗುಡಿಯಾಗ ಇರೂದು ಕಲ್ಲಿನ ಕಿವಿ. ಅವಗ ಕೇಳಬೇಕಂದ್ರ ನಿಮ್ಮ ಕಿವೀಲೇ ಕೇಳಬೇಕು."

ಅಂದಿನಿಂದ ಆ ಊರಲ್ಲಿ ಯಾರಾದರೂ ದೇವರೇ ಅಂದರೆ ಮೊದಲು ಹಗ್ಗ ತರುತ್ತಾರಂತೆ, ಆಮೇಲೆ ಕೈ ಮುಗಿಯುತ್ತಾರಂತೆ.

ಕುರಿ ಹೊಳೆಯ ಪಾಲು, ಕೂಸು ಅವ್ವನ ಪಾಲು, ಕಥೆ ನಿಮ್ಮ ಪಾಲು.