ಬೋಲ್ಟಿನ ಮೇಲಿನ ಹಳದಿ ಗೆರೆ

೨೦೨೨ರ ಫೆಬ್ರವರಿ ೨೦, ಭಾನುವಾರ. ಹುಬ್ಬಳ್ಳಿಯಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಆಕಾಶ ತಿಳಿಯಾಗಿತ್ತು, ಒಣಗಾಳಿಗೆ ರಸ್ತೆಯ ಧೂಳು ಏಳುತ್ತಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಶೈಲಶ್ರೀ ಎಂಟು ಗಂಟೆಗೇ ದಾವಲಸಾಬರ ಗ್ಯಾರೇಜಿಗೆ ಬಂದಳು. ಕಾರಿನ ಮೇಲೆ ಕಲೆ ಉಳಿದಿದ್ದರೆ ಒರೆಸಲೆಂದು ಒಂದು ಕೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಡಬ್ಬಿ, ಇನ್ನೊಂದರಲ್ಲಿ ಹಳೆಯ ಬನಿಯನ್ ತುಂಡು. ಒಳಗೆ ಲಿಫ್ಟಿನ ಮೇಲೆ ಅವಳ ಕೆಂಪು ಕಾರು ನಿಂತಿತ್ತು. ಗಾತ್ರದಲ್ಲಿ ಚಿಕ್ಕದು, ಓಟದಲ್ಲಿ ದೊಡ್ಡ ದೊಡ್ಡ ಗಾಡಿಗಳನ್ನು ಹಿಂದೆ ಹಾಕುವಂಥದ್ದು. ಹೋದ ವರ್ಷ ಅದಕ್ಕೆ ಎಂಜಿನ್ನಿನ ಬಲ ಹೆಚ್ಚಿಸುವ ದೊಡ್ಡ ಟರ್ಬೊ ಹಾಕಿಸಿದ್ದಳು. ಈ ವಾರ ಗಿಡ್ಡನೆಯ ಬಿರುಸು ಸ್ಪ್ರಿಂಗುಗಳನ್ನು ಕೂರಿಸಿ ಕಾರನ್ನು ಎರಡು ಬೆರಳಷ್ಟು ಕೆಳಗಿಳಿಸಿದ್ದಾಯಿತು. ಹನ್ನೊಂದಕ್ಕೆ ಮೈದಾನದಲ್ಲಿ ಇಂಥ ಕಾರುಗಳ ಪ್ರದರ್ಶನ. ಎಲ್ಲಕ್ಕಿಂತ ಚಂದದ ಕಾರಿಗೆ ಬಹುಮಾನ. ಕಾರಿನ ಹೊಟ್ಟೆಯನ್ನೂ ಕನ್ನಡಿ ಇಟ್ಟು ನೋಡುತ್ತಾರೆಂದು ಅವಳು ಕೇಳಿದ್ದಳು. ಅದು ಮುಗಿದ ಮೇಲೆ ಅವ್ವನನ್ನು ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು.

ಅವಳು ಕಾರಿನ ಕೆಳಗೆ ಹೋಗಿ ಕತ್ತೆತ್ತಿದಳು. ಎಲ್ಲ ಥಳಥಳ ಹೊಳೆಯುತ್ತಿತ್ತು. ಆದರೆ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದೊಂದು ಹಳದಿ ಗೆರೆ.

“ಇದೇನ್ರಿ ಸಾಬ್ರ, ಕಾರಿಗೆ ಅರಿಷಿಣ ಹಚ್ಚೀರಿ? ಮದಿವಿ ಐತೇನು?”

ಎರಡು ಕಿವಿಯ ಒಂದು ಪಾತ್ರೆಯಲ್ಲಿ ಸಣ್ಣ ಕುಂಚ ಅದ್ದಿ ದಾವಲಸಾಬರು ಕೊನೆಯ ಬೋಲ್ಟಿಗೆ ಗೆರೆ ಎಳೆಯುತ್ತಿದ್ದರು. ಪಾತ್ರೆಯ ಮೈತುಂಬ ವರ್ಷಗಟ್ಟಲೆ ಸುರಿದ ಬಣ್ಣ ಗಟ್ಟಿಯಾಗಿ ಕೂತಿತ್ತು.

“ಮದಿವಿ ಅಲ್ರಿ ಅಕ್ಕಾರ, ಕಾವಲ.”

“ಛಂದ ಕಾಣೂದಿಲ್ಲ. ನಾ ಒರಸಿಬಿಡ್ತೀನಿ.”

“ಒರಸ್ರಿ. ಕಾರು ನಿಮ್ದು. ಆದ್ರ ಮೊದಲ ಚಾ ಕುಡೀರಿ. ಒರಸಾಕ ಬಂದವರಿಗೆ ನಾ ಚಾ ಕುಡಿಸದ ಬಿಡೂದಿಲ್ಲ.”

ಶೈಲಶ್ರೀ ಡಬ್ಬಿಯ ಮುಚ್ಚಳ ಆಗಲೇ ತೆಗೆದಿದ್ದಳು. ಆದರೆ ಕಾವಲು ಎಂದದ್ದೇಕೆ? ತಿಳಿಯದೆ ಬಿಡುವ ಸ್ವಭಾವ ಅವಳದಲ್ಲ. ಡಬ್ಬಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು.

“ಬಿರುಸು ಸ್ಪ್ರಿಂಗ ಹೊಸದಾಗಿ ಹಾಕಿದಾಗ ಬೋಲ್ಟ್ ಒಂದಿಷ್ಟು ದಿನ ಅಲಗಾಡಿ ಜಾಗಾ ಹಿಡೀತಾವ್ರಿ,” ಎಂದರು ದಾವಲಸಾಬರು. “ಗೆರಿ ನೆಟ್ಟಗ ಇದ್ರ ಬೋಲ್ಟ್ ಇದ್ದಲ್ಲೇ ಐತಿ. ಗೆರಿ ಮುರದಿದ್ರ ತಿರುಗೇತಿ. ಪಾನಾ ಹಾಕಿ ತಿರುವಿ ನೋಡೂದ ಬ್ಯಾಡ, ಮಿಸ್ತ್ರಿ ಬ್ಯಾಡ. ಮುಂಜಾನೆ ಬಗ್ಗಿ ನೋಡಿದ್ರ ಮುಗೀತು.”

“ನಮ್ಮ ಲ್ಯಾಬಿನ್ಯಾಗ ಲಿಟ್ಮಸ್ ಕಾಗದ ಇದ್ದಂಗ,” ಎಂದಳು ಶೈಲಶ್ರೀ. “ಆದ್ರೂ ಇವತ್ತೊಂದಿನ ಒರಸಿ, ಪ್ರದರ್ಶನ ಮುಗದಮ್ಯಾಲೆ ಮತ್ತ ಹಚ್ಚಿದ್ರಾತಲ್ಲ?”

“ಗುರುಶಾಂತನೂ ಹಿಂಗ ಅಂದಿದ್ದ.”

ಗುರುಶಾಂತ ಅರಿವೆ ಅಂಗಡಿಯವನು. ಒಂಬತ್ತು ವರ್ಷದ ಹಿಂದೆ ಅವನೂ ಇಂಥದೇ ಪುಟ್ಟ ಕಾರಿಗೆ ಇಂಥದೇ ಸ್ಪ್ರಿಂಗು ಹಾಕಿಸಿದ. ಪ್ರದರ್ಶನದ ಹಿಂದಿನ ದಿನ ಕೂತು ಒಂದೊಂದೇ ಗೆರೆಯನ್ನು ಒರೆಸಿದ. ಮಾರನೆಯ ದಿನ ಗೆದ್ದ. ಊರೆಲ್ಲ ಹೊಗಳಿತು. ಗೆರೆ ಮತ್ತೆ ಹಚ್ಚಿಸುವುದು ನಾಳೆ, ನಾಡಿದ್ದು ಎಂದು ಮುಂದೆ ಹೋಯಿತು. ದಿನವೂ ಬಗ್ಗಿ ನೋಡುತ್ತಿದ್ದ, ಎಲ್ಲ ಹೊಳೆಯುತ್ತಿತ್ತು. ಹೊಳಪು ಕಂಡು ತೃಪ್ತಿಪಟ್ಟು ಏಳುತ್ತಿದ್ದ.

ಇಪ್ಪತ್ತನೆಯ ದಿನ ಧಾರವಾಡದ ಆಚೆ ಒಂದು ತಿರುವಿನಲ್ಲಿ ಮುಂದಿನ ಎಡಗಾಲಿ ಒಳಕ್ಕೆ ಮಡಚಿಕೊಂಡಿತು. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಗಳು. ಎದುರಿಗೆ ಎತ್ತಿನ ಗಾಡಿ ಬಂದಿತ್ತೆಂದು ಆಗಷ್ಟೇ ವೇಗ ಇಳಿಸಿದ್ದ. ಕಾರು ಹೊಲದ ಬದುವಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

“ಮರುದಿನ ಇಲ್ಲೇ, ಈ ಬಾಗಲದಾಗ ನಿಂತು ಬೈದನ್ರಿ. ‘ಏ ದಾವಲಸಾಬ, ಬೋಲ್ಟ್ ಸಡ್ಲ ಬಿಟ್ಟು ನನ್ನ ಸಂಸಾರಾನ ಹಾಳ ಮಾಡ್ತಿದ್ದಿ’ ಅಂತ. ಓಣಿ ಮಂದಿ ಎಲ್ಲಾ ಕೂಡಿದ್ರು. ನಾ ಏನ ಹೇಳ್ಲಿ? ಬಿಗಿ ಮಾಡೀನಿ ಅನ್ನಾಕ ಗೆರಿನ ಇಲ್ಲ.”

“ಮತ್ತ?” ಶೈಲಶ್ರೀಯ ಚಹಾ ಆರುತ್ತಿತ್ತು.

“ಕಾರ ಎತ್ತಿ ಹುಡುಕಿದೆ. ಬಲಗಾಲಿ ಹಿಂದ, ಕೈ ಹೋಗದ ಸಂದಿನ್ಯಾಗ ಒಂದ ಗೆರಿ ಉಳದಿತ್ತು. ಅರ್ಧ ಬೋಲ್ಟಿನ ಮ್ಯಾಲೆ, ಅರ್ಧ ಕಬ್ಬಿಣದ ಮ್ಯಾಲೆ. ನಡುವ ಒಂದ ಬೆರಳ ಅಂತರ. ಬ್ಯಾಟರಿ ಬಿಟ್ಟು ತೋರಿಸಿದೆ. ‘ಇದು ಇಪ್ಪತ್ತ ದಿನದಿಂದ ನಿಮಗ ಹೇಳಾಕತ್ತಿತ್ತು. ಹೇಳವರ ಬಾಯಿ ಎಲ್ಲಾ ನೀವ ಒರಸೀರಿ’ ಅಂದೆ. ಅವ ಅಲ್ಲೇ ನೆಲದ ಮ್ಯಾಲೆ ಕುಂತ.”

ದಾವಲಸಾಬರು ಕುಂಚವನ್ನು ಪಾತ್ರೆಯ ಅಂಚಿಗೆ ಒರೆಸಿದರು.

“ನಂದೂ ತಪ್ಪ ಇತ್ರಿ ಅಕ್ಕಾರ. ಗೆರಿ ಎಳದಿದ್ದೆ, ಯಾಕಂತ ಹೇಳಿದ್ದಿಲ್ಲ. ಅವತ್ತಿಂದ ಈ ಚಾ, ಈ ಕಥಿ.”

ಶೈಲಶ್ರೀ ಕಾರಿನ ಕೆಳಗೆ ಇನ್ನೊಮ್ಮೆ ನೋಡಿದಳು. ಗೆರೆಗಳು ಆಗಿನಷ್ಟೇ ಒರಟಾಗಿದ್ದವು. ಗಡಿಯಾರದಲ್ಲಿ ಒಂಬತ್ತು ದಾಟಿತ್ತು.

“ರಿಪೇರಿ ಮಾಡಿದ್ದಕ್ಕ ಅವ ಏನ ಕೊಟ್ಟ?”

“ಸಾಮಾನು ಅವನ ತಂದ. ಕೂಲಿ ಎಷ್ಟಂತ ಕೇಳಿದ. ‘ಗೆರಿ ಒರಸಿದ್ದಕ್ಕ ನಿಮಗೇನ ಸಿಕ್ಕಿತ್ತೋ ಅದನ್ನ ಕೊಡ್ರಿ, ಸಾಕು’ ಅಂದೆ. ಸಂಜಿಕ ತಂದ ಕೊಟ್ಟ.”

ಅವರು ಅವಳ ಕೈಯಿಂದ ಬನಿಯನ್ ತುಂಡು ತೆಗೆದುಕೊಂಡು, ಅವಳದೇ ಥಿನ್ನರಿನಲ್ಲಿ ಅದ್ದಿ, ಬಣ್ಣದ ಪಾತ್ರೆಯ ಮೈಯನ್ನು ಗಸಗಸ ಉಜ್ಜಿದರು. ಹಳದಿ ಕರಗಿತು. ಕೆಳಗೆ ಬೆಳ್ಳಿಯ ಬಣ್ಣ ಕಂಡಿತು, ಆಮೇಲೆ ಅಕ್ಷರ. ಶೈಲಶ್ರೀ ಬಗ್ಗಿ ಓದಿದಳು: ‘ಅತಿ ಚಂದದ ಕಾರು, ಪ್ರಥಮ ಬಹುಮಾನ.’

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು.

ನೀತಿ: ನಾವು ಎಲ್ಲಿ ಸಡಿಲವಾಗುತ್ತಿದ್ದೇವೆ ಎಂದು ತೋರಿಸುವ ಗುರುತು ನೋಡಲು ಚಂದ ಇರುವುದಿಲ್ಲ. ಚಂದಕ್ಕಾಗಿ ಅದನ್ನು ಅಳಿಸಿದವನಿಗೆ ಹೊಗಳಿಕೆ ಸಿಗಬಹುದು, ಎಚ್ಚರಿಕೆ ಸಿಗುವುದಿಲ್ಲ. ಗುರುತು ಹಾಕುವವನೂ ಅದರ ಅರ್ಥವನ್ನು ಮೊದಲೇ ಹೇಳಬೇಕು.