ಒಂದು ಬೆರಳು ಬತ್ತಿ

"ಗುರುಗಳೇ, ಇನ್ನೊಂದು ವರ್ಷ ಇಲ್ಲೇ ಮಠದಲ್ಲಿದ್ದು ಓದು ಮುಗಿಸಲೇ?" ಎಂದು ಶಿಷ್ಯ ಕೇಳಿದ.

"ಮನೆಯಲ್ಲಿ ಹೆಂಡತಿ ಇದ್ದಾಳಲ್ಲ. ಅವಳು ಏನನ್ನುತ್ತಾಳೆ?"

"ಅವಳದೇನೂ ತಕರಾರಿಲ್ಲ. ಯಾವಾಗ ಹೋಗಿ ಕೇಳಿದರೂ ಚೆನ್ನಾಗಿದ್ದೇನೆ ಅನ್ನುತ್ತಾಳೆ. ಹೋದ ಸಲ ಮಾತ್ರ, ಹಿತ್ತಲ ಬಾಗಿಲಿಗೆ ಒಂದು ಚಿಲಕ ಹಾಕಿಸಿಕೊಡಿ ಅಂದಳು. ಅದು ಬಿಟ್ಟರೆ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ."

ಗುರುಗಳು ಪುಸ್ತಕ ಮುಚ್ಚಿದರು. "ಕೂತುಕೋ," ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಒಂದು ಕಾಲು ಹುಟ್ಟಿನಿಂದಲೇ ಸಣ್ಣದು. ಹಗಲೆಲ್ಲ ಊರಿನವರ ಅಂಗಿ ಹೊಲಿಯುತ್ತಿದ್ದ. ಹೊಟ್ಟೆಗೆ ಅಷ್ಟು ಸಾಕಾಗಿತ್ತು. ಮನಸ್ಸಿಗೆ ಸಾಕಾಗಿರಲಿಲ್ಲ. ಅವನಿಗೆ ಬಾಣಬಿರುಸಿನ ಹುಚ್ಚು. ಯಾರೂ ಕಲಿಸಿದ್ದಲ್ಲ, ಯಾರಿಗೂ ಮಾರುವುದಕ್ಕಲ್ಲ. ಎಕ್ಕದ ಕಡ್ಡಿ ಸುಟ್ಟು ಇದ್ದಿಲು ಮಾಡುವನು, ಅರೆಯುವನು, ಕಾಗದದ ಕೊಳವೆಯಲ್ಲಿ ಮದ್ದು ತುಂಬಿ ಬಾಣ ಕಟ್ಟುವನು. ಏನು ಹಾಕಿದೆ, ಏನಾಯಿತು ಎಂದು ಅಳತೆ ಪುಸ್ತಕದಲ್ಲಿ ಬರೆದಿಡುವನು. ಗೌಡನ ಎದೆಯಳತೆಯ ಕೆಳಗೇ ಬಾಣದ ಅಳತೆ. ಒಮ್ಮೆ ಎರಡೂ ಅದಲುಬದಲಾಗಿ ಗೌಡನ ಅಂಗಿ ಬಾಣದಷ್ಟೇ ಬಿಗಿಯಾಯಿತು.

ಅವನ ಮೊದಲ ಬಾಣ ಮೇಲಕ್ಕೆ ಹೋಗಲೊಲ್ಲದೆ ಅಡ್ಡ ಹೋಯಿತು. ಅಗಸನ ಕತ್ತೆ ಮರುದಿನ ಪಕ್ಕದ ಊರಿನಲ್ಲಿ ಸಿಕ್ಕಿತು. ಎರಡನೆಯ ಬಾಣ ಮೇಲಕ್ಕೇನೋ ಹೋಯಿತು, ಹೋಗುವಾಗ ದರ್ಜಿಯ ಎರಡು ಹುಬ್ಬುಗಳನ್ನೂ ಕರೆದುಕೊಂಡು ಹೋಯಿತು.

"ದರ್ಜಿಯಣ್ಣ, ಊರಿಗೆಲ್ಲ ಗುಂಡಿ ಹೊಲಿಯುತ್ತೀಯ. ನಿನಗೊಂದು ಜೊತೆ ಹುಬ್ಬು ಹೊಲಿದುಕೊಳ್ಳಬಾರದೇ?" ಎಂದ ಅಗಸ.

ಊರು ನಕ್ಕಿತು. ದರ್ಜಿಯ ಹೆಂಡತಿಯೂ ನಕ್ಕಳು. ಆಮೇಲೆ ಗಂಡನ ಹಣೆಗೆ ಬೆಣ್ಣೆ ಸವರುತ್ತ, "ಇನ್ನು ಮೇಲೆ ಕಿಡಿ ಹಚ್ಚುವುದು ನನಗಿರಲಿ. ಹಚ್ಚಿದವರು ಓಡಬೇಕು. ಈ ಮನೆಯಲ್ಲಿ ಓಡುವ ಕಾಲು ಇರುವುದು ಎರಡೇ, ಅವೆರಡೂ ನನ್ನವು" ಎಂದಳು.

ಅಂದಿನಿಂದ ಹಾಗೇ ನಡೆಯಿತು. ಮಬ್ಬುಗತ್ತಲಾಗುತ್ತಲೇ ಇಬ್ಬರೂ ಊರಾಚೆಯ ಬಯಲಿಗೆ ಹೋಗುವರು. ಅವಳು ಮೊದಲು ಗಂಡನಿಗೆ ಮಣೆ ಹಾಕುವಳು. ನಲವತ್ತು ಹೆಜ್ಜೆ ಆಚೆ ಹೋಗಿ ಬಾಣ ನೆಡುವಳು. ಒದ್ದೆ ಗೋಣಿಯನ್ನು ತಲೆಯ ಮೇಲೆ ಹೊದ್ದು ಬತ್ತಿಗೆ ಕಿಡಿ ತಾಗಿಸಿ, ಮಣೆಯ ಕಡೆಗೆ ಓಡಿ ಬರುವಳು. ದರ್ಜಿ ಆಕಾಶ ನೋಡುತ್ತ ಕೂತಿರುವನು. ಅವಳು ಮಣೆ ಮುಟ್ಟುವ ಹೊತ್ತಿಗೆ ಅವನು, "ಹೇಗಿತ್ತು?" ಎನ್ನುವನು.

"ಚೆನ್ನಾಗಿತ್ತು," ಎನ್ನುವಳು, ಏದುಸಿರು ಬಿಡುತ್ತ.

ಮನೆಗೆ ಬಂದು ಅದನ್ನೂ ಬರೆದಿಡುವನು.

ದರ್ಜಿಗೆ ಒಂದೇ ಆಸೆ ಇತ್ತು. ಹೆಂಡತಿ ಮುಡಿಯುವ ಬಿಳಿ ಸೇವಂತಿಗೆಯನ್ನು ಆಕಾಶದಲ್ಲಿ ಅರಳಿಸಿ ಅವಳಿಗೆ ತೋರಿಸಬೇಕು. ಒಂದು ಸಲ ಹೂವು ಕೆಂಪಾಯಿತು. ಒಂದು ಸಲ ಅರ್ಧವೇ ಅರಳಿತು. ಹೀಗೆ ಹನ್ನೊಂದು ವರ್ಷ ಅವನು ಕಟ್ಟಿದ, ಅವಳು ಓಡಿದಳು. ಹನ್ನೊಂದನೆಯ ವರ್ಷ ಒಂದು ಸಂಜೆ ಹೂವು ಸರಿಯಾಗಿ ಬಿರಿಯಿತು. ಒಂದು ಎಸಳೂ ತಪ್ಪಲಿಲ್ಲ.

"ನೀನು ಮುಡಿಯುವ ಹೂವೇ ಅಲ್ಲವೇನೇ?" ಎಂದ.

"ಹೌದು. ಅದೇ," ಎಂದಳು. ಗೋಣಿ ಮಡಚುತ್ತ, "ಇನ್ನೊಂದು ಕಟ್ಟುತ್ತೀರಾ? ಈ ಸಲ ಬತ್ತಿ ಒಂದು ಬೆರಳು ಹೆಚ್ಚು ಉದ್ದ ಇಡಿ" ಎಂದಳು.

"ಯಾಕೆ? ಹನ್ನೊಂದು ವರ್ಷ ಓಡಿದವಳಿಗೆ ಈಗ ಹೆದರಿಕೆಯೇ?"

"ಹೆದರಿಕೆ ಅಲ್ಲ."

"ಉದ್ದ ಬತ್ತಿ ಗಾಳಿಗೆ ಕೆಡುತ್ತದೆ ಕಣೇ."

"ಹಾಗಾದರೆ ಬಿಡಿ," ಎಂದು ಅವಳು ಮಣೆ ಎತ್ತಿಕೊಂಡಳು.

ಕೆಡುತ್ತದೋ ಇಲ್ಲವೋ ಎಂದು ಅವನು ಒಮ್ಮೆಯೂ ಹಚ್ಚಿ ನೋಡಿದವನಲ್ಲ. ಕಾಯುವುದು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಆ ಸಂಜೆ ಪುಸ್ತಕದಲ್ಲಿ ಬರೆದ: ಹೂವು ಸರಿಯಾಯಿತು, ಬತ್ತಿ ಇಷ್ಟೇ ಇರಲಿ.

ಆ ಮಾಘದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು.

ದರ್ಜಿ ಒಂದು ವರ್ಷ ಬಾಣದ ಮದ್ದು ಮುಟ್ಟಲಿಲ್ಲ. ಅವಳ ವರ್ಷದ ತಿಥಿಯ ದಿನ ಅದೇ ಸೇವಂತಿಗೆಯನ್ನು ಅದೇ ಅಳತೆಗೆ ಕಟ್ಟಿದ. ಹಚ್ಚುವವರಿರಲಿಲ್ಲ. ಅಗಸ ಬಂದು, "ನಾನು ಹಚ್ಚುತ್ತೇನೆ ಬಿಡಣ್ಣ. ನನ್ನ ಕತ್ತೆಯ ಆಣೆ, ಅದರಷ್ಟೇ ಜೋರಾಗಿ ಓಡುತ್ತೇನೆ" ಎಂದ. ದರ್ಜಿ ನಗಲಿಲ್ಲ. ಬೇಡವೆಂದು ಒಬ್ಬನೇ ಹೋದ.

ಕೂರುವವರು ಯಾರೂ ಇಲ್ಲದಿದ್ದರೂ ರೂಢಿಯಂತೆ ಮಣೆ ಹಾಕಿದ. ನಲವತ್ತು ಹೆಜ್ಜೆ ಎಣಿಸಿ ಬಾಣ ನೆಟ್ಟ. ಅವಳ ಗೋಣಿಯನ್ನೇ ಹೊದ್ದು ಕಿಡಿ ಹಚ್ಚಿದ. ಓಡಲಾಗದವನು ಆದಷ್ಟು ಓಡಿದ. ಹಿಂದೆ ನೋಡುವಂತಿರಲಿಲ್ಲ. ನೋಡಿದರೆ ಬೀಳುವನು, ಬಿದ್ದರೆ ಮೇಲೆ ಕಿಡಿ ಬೀಳುವುದು. ಹತ್ತು ಹೆಜ್ಜೆಯೂ ಆಗಿರಲಿಲ್ಲ, ಬೆನ್ನ ಹಿಂದೆ ಹೂವು ಬಿರಿದ ಸದ್ದಾಯಿತು. ಮುಂದಿನ ನೆಲವೆಲ್ಲ ಬೆಳ್ಳಗಾಯಿತು. ತಲೆ ಎತ್ತಿದ. ದೂರದಲ್ಲಿ ಖಾಲಿ ಮಣೆ ಬೆಳ್ಳಗೆ ಕಂಡಿತು. ಅದನ್ನು ಮುಟ್ಟಿ ತಿರುಗಿದಾಗ ಆಕಾಶದಲ್ಲಿ ಹೊಗೆ ಮಾತ್ರ ಇತ್ತು.

ದರ್ಜಿ ಅಲ್ಲೇ ನಿಂತ. ಅವಳ ಕಾಲು ಎಷ್ಟೇ ಚುರುಕಾಗಿದ್ದರೂ ಆ ಬತ್ತಿ ಉರಿಯುವಷ್ಟರಲ್ಲಿ ನಲವತ್ತು ಹೆಜ್ಜೆ ಮುಗಿಯುತ್ತಿರಲಿಲ್ಲ. ಹನ್ನೊಂದು ವರ್ಷ ಅವಳು ಕಂಡದ್ದು ಹೂವಲ್ಲ. ಈ ಮಣೆ, ಅದರ ಮೇಲೆ ಕೂತವನ ಬೆಳಗಿದ ಮುಖ. ಚೆನ್ನಾಗಿತ್ತು ಎಂದು ಅವಳು ಹೇಳುತ್ತಿದ್ದದ್ದು ಅದನ್ನು.

ಮರುದಿನ ಇನ್ನೊಂದು ಕಟ್ಟಿದ. ಅವಳಿಗೆ ಒಂದು ಬೆರಳು ಸಾಕಾಗುತ್ತಿತ್ತು. ತನ್ನ ಕಾಲಿಗೆಂದು ಒಂದು ಗೇಣು ಹೆಚ್ಚು ಬತ್ತಿ ಇಟ್ಟ. ಬಯಲಿನಲ್ಲಿ ಜೋರು ಗಾಳಿ ಬೀಸುತ್ತಿತ್ತು. ಕಿಡಿ ಹಚ್ಚಿ, ಕುಂಟುತ್ತ ಬಂದು, ಮಣೆಯ ಮೇಲೆ ಕೂತು ನೋಡಿದ. ಬತ್ತಿ ಕೆಟ್ಟಿರಲಿಲ್ಲ. ಬಾಣ ಹಾರಿತು. ಸೇವಂತಿಗೆ ಎಸಳೆಸಳಾಗಿ ಬಿರಿದು, ತುಸು ನಿಂತು, ಉದುರಿತು.

ಅವನು ಪಕ್ಕಕ್ಕೆ ತಿರುಗಿ, "ಹೇಗಿತ್ತು?" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ಆಮೇಲೇನು, ಅಂಗಿ ಹೊಲಿದುಕೊಂಡಿದ್ದ. ಬಾಣ ಕಟ್ಟಲಿಲ್ಲ."

ಶಿಷ್ಯ ತನ್ನ ಪುಸ್ತಕಗಳನ್ನು ಜೋಡಿಸಿಕೊಂಡು ಏಳಹೋದ. ಗುರುಗಳು ಕೇಳಿದರು:

"ಆ ಚಿಲಕ ಹಾಕಿಸಿದೆಯೇನಪ್ಪ?"